ವಾಹನದ ಬ್ಯಾಟರಿಗೆ ಇನ್‌ವರ್ಟರ್ ಜೋಡಿಸುವ ಸುರಕ್ಷಿತ ಕ್ರಮ

ಮಲೆನಾಡಿನಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಕರೆಂಟಿನ ಭರವಸೆ ಇಲ್ಲ. ಕಾಡಿನ ನಡುವೆ ಹಾದುಬರುವ ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಇಡೀ ಊರಿಗೆ ಕತ್ತಲು. ಮಳೆ ಮುಗಿದು ಕೊಯ್ಲಿನ ಕಾಲ ಬಂದ ಮೇಲೂ ಈ ತೊಂದರೆ ಪೂರ್ತಿ ತಪ್ಪುವುದಿಲ್ಲ. ಕೊನೆ ಇಳಿಸಿದ ಅಡಿಕೆಯನ್ನು ರಾತ್ರಿ ಕುಳಿತು ಸುಲಿಯಲೇಬೇಕು. ಕಾಫಿ ಹಣ್ಣನ್ನು ಸಂಜೆಯೇ ತೂಗಿ ಆಳುಗಳ ಲೆಕ್ಕ ಬರೆಯಲೇಬೇಕು. ಇಂಥ ಹೊತ್ತಿನಲ್ಲಿ ಅಂಗಳದಲ್ಲಿ ನಿಂತಿರುವ ಜೀಪು ಅಥವಾ ಪಿಕಪ್ಪಿನ ಬ್ಯಾಟರಿ ಕಣ್ಣಿಗೆ ಬೀಳುವುದು ಸಹಜ. ಅದಕ್ಕೊಂದು ಇನ್‌ವರ್ಟರ್ ಕಟ್ಟಿ ನಾಲ್ಕು ಬಲ್ಬು ಉರಿಸಿದರೆ ಕೆಲಸ ಸಾಗುತ್ತದೆ.

ಇದು ಮಾಡಬಹುದಾದ ಕೆಲಸವೇ. ಆದರೆ ಕ್ರಮ ತಪ್ಪಿದರೆ ಮೂರು ಬಗೆಯ ನಷ್ಟ ಉಂಟು. ಒಂದು, ಬ್ಯಾಟರಿ ಕೆಡುವುದು. ಎರಡು, ವಾಹನಕ್ಕೋ ಮನೆಗೋ ಬೆಂಕಿ ತಗಲುವುದು. ಮೂರು, ಮನುಷ್ಯನ ಪ್ರಾಣಕ್ಕೇ ಅಪಾಯ ಒದಗುವುದು. ಕೊಳೆರೋಗ ಹತ್ತಿದ ಮೇಲೆ ಬೋರ್ಡೋ ದ್ರಾವಣ ಹೊಡೆದು ಪ್ರಯೋಜನವಿಲ್ಲ ಎಂಬುದು ಬೆಳೆಗಾರರಿಗೆ ಗೊತ್ತಿರುವ ಮಾತು. ವಿದ್ಯುತ್ತಿನ ವಿಷಯದಲ್ಲೂ ಹಾಗೆಯೇ, ಎಚ್ಚರಿಕೆ ಮೊದಲು ಬರಬೇಕು. ಆದುದರಿಂದ ಈ ಪಾಠವನ್ನು ಇನ್‌ವರ್ಟರ್ ಕೊಳ್ಳುವ ಮುಂಚೆಯೇ ಓದಿಕೊಳ್ಳುವುದು ಒಳಿತು.

ಇನ್‌ವರ್ಟರ್ ಮಾಡುವ ಕೆಲಸ

ಬ್ಯಾಟರಿ ಕೊಡುವುದು 12 ವೋಲ್ಟಿನ ಡಿ.ಸಿ. ವಿದ್ಯುತ್ತು. ಮನೆಯ ಬಲ್ಬು, ಚಾರ್ಜರ್ ಮುಂತಾದವಕ್ಕೆ ಬೇಕಾದದ್ದು 230 ವೋಲ್ಟಿನ ಎ.ಸಿ. ವಿದ್ಯುತ್ತು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಪೆಟ್ಟಿಗೆಯೇ ಇನ್‌ವರ್ಟರ್. ಅದು ತಾನಾಗಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಒಂದು ಕಡೆಯಿಂದ ತೆಗೆದದ್ದನ್ನು, ಸ್ವಲ್ಪ ತಾನು ನುಂಗಿ, ಇನ್ನೊಂದು ಕಡೆಗೆ ಕೊಡುತ್ತದೆ. ಒಂದೂ ಬಲ್ಬು ಉರಿಯದಿದ್ದರೂ ಸ್ವಿಚ್ ಹಾಕಿಟ್ಟ ಇನ್‌ವರ್ಟರ್ ಸಾಮಾನ್ಯವಾಗಿ ಅರ್ಧದಿಂದ ಒಂದು ಆಂಪಿಯರಿನಷ್ಟು ಎಳೆಯುತ್ತಲೇ ಇರುತ್ತದೆ. ರಾತ್ರಿಯಿಡೀ ಹಾಗೆ ಬಿಟ್ಟರೆ ಬ್ಯಾಟರಿಯ 5ರಿಂದ 10 ಆಂಪಿಯರ್-ಗಂಟೆ ವ್ಯರ್ಥವಾಗಿ ಹೋದಂತೆ.

ಜೀಪು, ಕಾರು, ಪಿಕಪ್, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಸೇರಿಸಿ 24 ವೋಲ್ಟ್ ಮಾಡಿರುವುದೇ ಹೆಚ್ಚು. 12 ವೋಲ್ಟಿನ ಇನ್‌ವರ್ಟರನ್ನು 24 ವೋಲ್ಟಿಗೆ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯುವುದೂ ಸರಿಯಲ್ಲ. ಒಂದು ಖಾಲಿಯಾಗಿ ಇನ್ನೊಂದು ತುಂಬಿರುವಾಗ ಚಾರ್ಜಿಂಗ್ ಏರುಪೇರಾಗಿ ಎರಡೂ ಬೇಗ ಕೆಡುತ್ತವೆ. ಲಾರಿಗೆ 24 ವೋಲ್ಟಿನ ಇನ್‌ವರ್ಟರನ್ನೇ ಬಳಸಬೇಕು.

ಬ್ಯಾಟರಿಗಳಲ್ಲಿ ಎರಡು ಜಾತಿ

ವಾಹನದ ಬ್ಯಾಟರಿಯನ್ನು ಮಾಡಿರುವುದು ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ. ಅದರೊಳಗಿನ ಸೀಸದ ಫಲಕಗಳು ತೆಳು, ಸಂಖ್ಯೆಯಲ್ಲಿ ಹೆಚ್ಚು. ಡೀಸೆಲ್ ಇಂಜಿನ್ನನ್ನು ತಿರುಗಿಸಲು ಕೆಲವು ಸೆಕೆಂಡುಗಳ ಮಟ್ಟಿಗೆ 200 ಆಂಪಿಯರಿಗೂ ಮೀರಿ ಕೊಡಬಲ್ಲದು. ಆದರೆ ನಾಲ್ಕು ಗಂಟೆ ಕಾಲ ಸಣ್ಣಗೆ ಕೊಡುತ್ತ ಬರಿದಾಗುವುದು ಅದಕ್ಕೆ ಒಗ್ಗುವುದಿಲ್ಲ. ಹಾಗೆ ಪದೇ ಪದೇ ಬರಿದುಮಾಡಿದರೆ ವರ್ಷಗಟ್ಟಲೆ ಬರಬೇಕಾದ ಬ್ಯಾಟರಿ ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ.

ಮನೆಯ ಇನ್‌ವರ್ಟರಿಗೆಂದು ಮಾರುವ ಟ್ಯೂಬುಲರ್ ಬ್ಯಾಟರಿಯ ಗುಣ ಇದಕ್ಕೆ ವಿರುದ್ಧ. ಅದು ದಪ್ಪ ಫಲಕದ್ದು, ನಿಧಾನವಾಗಿ ಬಹಳ ಹೊತ್ತು ಕೊಡುತ್ತದೆ. ಒಂದು ಕಂಬಳದ ಕೋಣ, ಇನ್ನೊಂದು ದಿನವಿಡೀ ಗದ್ದೆ ಉಳುವ ಎತ್ತು. ಎರಡಕ್ಕೂ ಬೆಲೆ ಉಂಟು, ಕೆಲಸ ಮಾತ್ರ ಬೇರೆ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಒಂದು ಸಾಧಾರಣ ಮಲ್ಟಿಮೀಟರಿನಿಂದ ತಿಳಿಯಬಹುದು. ಇಂಜಿನ್ ನಿಲ್ಲಿಸಿ, ಏನನ್ನೂ ಉರಿಸದೆ, ಕೆಲವು ಗಂಟೆ ಬಿಟ್ಟು ಅಳೆದಾಗ ಬರುವ ಲೆಕ್ಕ ಸುಮಾರಾಗಿ ಹೀಗಿರುತ್ತದೆ:

12.6 ವೋಲ್ಟ್ ಅಥವಾ ಮೇಲೆ — ಪೂರ್ಣ ಚಾರ್ಜ್
12.4 ವೋಲ್ಟ್ — ಮುಕ್ಕಾಲು
12.2 ವೋಲ್ಟ್ — ಅರ್ಧ
12.0 ವೋಲ್ಟ್ — ಕಾಲು ಭಾಗ

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಬ್ಯಾಟರಿ ಇಳಿದಾಗ ಇನ್‌ವರ್ಟರ್ ಕೂಗಿ ತಾನೇ ನಿಲ್ಲುತ್ತದೆ ಎಂದು ಹಲವರು ಧೈರ್ಯದಿಂದಿರುತ್ತಾರೆ. ಆದರೆ ಸಾಮಾನ್ಯ ಇನ್‌ವರ್ಟರ್ ನಿಲ್ಲುವುದು 10.5 ವೋಲ್ಟಿನ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ವಾಹನ ಸ್ಟಾರ್ಟ್ ಆಗುವ ಮಾತೇ ಇಲ್ಲ. ಆ ಕೂಗು ಇನ್‌ವರ್ಟರನ್ನು ಕಾಯುತ್ತದೆಯೇ ಹೊರತು ನಿಮ್ಮ ಜೀಪನ್ನು ಕಾಯುವುದಿಲ್ಲ. ನಮ್ಮ ಕಡೆ ಒಂಟಿಮನೆಗಳೇ ಹೆಚ್ಚು. ರಾತ್ರಿ ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದರೆ, ಆಳುಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಅಥವಾ ಯಾರಿಗಾದರೂ ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಲು ಇರುವುದು ಆ ಒಂದು ವಾಹನ. ಬೆಳಕಿನ ಆಸೆಗೆ ಅದನ್ನು ಕೈಕಾಲು ಕಟ್ಟಿ ಕೂರಿಸಬಾರದು.

ಮೊದಲು ಲೆಕ್ಕ, ಆಮೇಲೆ ಸಂಪರ್ಕ

ಲೆಕ್ಕ ಸುಲಭ. ಉರಿಸುವ ಉಪಕರಣಗಳ ವ್ಯಾಟನ್ನೆಲ್ಲ ಕೂಡಿಸಿ 10ರಿಂದ ಭಾಗಿಸಿ. 12 ವೋಲ್ಟಿನ ಬ್ಯಾಟರಿಯಿಂದ ಸುಮಾರು ಅಷ್ಟು ಆಂಪಿಯರ್ ಹರಿಯುತ್ತದೆ. ಇನ್‌ವರ್ಟರ್ ನುಂಗುವ ಪಾಲೂ ಇದರಲ್ಲಿ ಸೇರಿತು.

ಅಡಿಕೆ ಸುಲಿಯುವ ಚಪ್ಪರದ ಉದಾಹರಣೆ ತೆಗೆದುಕೊಳ್ಳೋಣ. 9 ವ್ಯಾಟಿನ 6 ಎಲ್.ಇ.ಡಿ. ಬಲ್ಬಿಗೆ 54 ವ್ಯಾಟ್. ಎರಡು ಮೊಬೈಲ್ ಚಾರ್ಜರಿಗೆ 20. ಎಲೆಕ್ಟ್ರಾನಿಕ್ ತಕ್ಕಡಿಗೆ 10 ಎಂದಿಟ್ಟುಕೊಳ್ಳಿ. ಒಟ್ಟು 84 ವ್ಯಾಟ್, ಅಂದರೆ ಸುಮಾರು 8.4 ಆಂಪಿಯರ್. ನಾಲ್ಕು ಗಂಟೆ ಸುಲಿತ ನಡೆದರೆ ಸುಮಾರು 34 ಆಂಪಿಯರ್-ಗಂಟೆ ಬೇಕು.

ಜೀಪಿನ ಬ್ಯಾಟರಿ 75 ಆಂಪಿಯರ್-ಗಂಟೆಯದಾಗಿದ್ದರೆ ಅದರಿಂದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಲೇಸು. ಅಂದರೆ 15 ಆಂಪಿಯರ್-ಗಂಟೆ. ಮೇಲಿನ ಲೆಕ್ಕದಂತೆ ಎರಡು ಗಂಟೆಗೂ ಕಡಿಮೆ. ಅದೇ 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಾದರೆ ಅರ್ಧದಷ್ಟು, ಅಂದರೆ 75, ತೆಗೆಯಬಹುದು. ಹತ್ತಿರ ಹತ್ತಿರ 9 ಗಂಟೆ ನಡೆದೀತು. ವಾಹನದ ಬ್ಯಾಟರಿ ತುರ್ತಿಗೆ, ನಿತ್ಯದ ಬಳಕೆಗೆ ಬೇರೆ ಬ್ಯಾಟರಿ ಎಂಬ ನಿಯಮ ಈ ಲೆಕ್ಕದಿಂದಲೇ ಹುಟ್ಟಿದ್ದು.

ಮೋಟಾರುಗಳ ಮಾತು ಬೇರೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಆದರೆ ಮೋಟಾರು ಎಳೆಯುವುದು ಅದಕ್ಕಿಂತ ಹೆಚ್ಚು, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆದ್ದರಿಂದ ಪಂಪು, ಪಲ್ಪರ್, ಅಡಿಕೆ ಸುಲಿಯುವ ಯಂತ್ರ ಇವುಗಳನ್ನು ಜೀಪಿನ ಬ್ಯಾಟರಿಯಿಂದ ನಡೆಸುವ ಯೋಚನೆ ಬೇಡ. ಅವಕ್ಕೆ ಜನರೇಟರೇ ಸರಿ. ಫ್ಯಾನಿನಂಥ ಸಣ್ಣ ಮೋಟಾರಿಗೂ ಪ್ಯೂರ್ ಸೈನ್ ವೇವ್ ಎಂದು ಬರೆದ ಇನ್‌ವರ್ಟರ್ ಬಳಸುವುದು ಒಳ್ಳೆಯದು. ಅಗ್ಗದ ಇನ್‌ವರ್ಟರಿನಲ್ಲಿ ಮೋಟಾರು ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ.

ಬರೀ ಬೆಳಕು ಸಾಕೆನ್ನುವವರು ಇನ್‌ವರ್ಟರನ್ನೇ ಬಿಟ್ಟು 12 ವೋಲ್ಟಿನ ಡಿ.ಸಿ. ಎಲ್.ಇ.ಡಿ. ದೀಪಗಳನ್ನು ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಗೆ ಕೊಡಬಹುದು. ಮೇಲಿನ 54 ವ್ಯಾಟಿಗೆ ಆಗ ಸಾಕಾಗುವುದು 4.5 ಆಂಪಿಯರ್. ಖರ್ಚೂ ಕಡಿಮೆ, 230 ವೋಲ್ಟಿನ ಭಯವೂ ಇಲ್ಲ.

ತಂತಿ ಮತ್ತು ಫ್ಯೂಸ್

ಹೆಚ್ಚು ತಪ್ಪು ನಡೆಯುವುದು ಇಲ್ಲಿ. 300 ವ್ಯಾಟ್ ಎಂದರೆ ಮನೆಯ ವೈರಿಂಗಿನಲ್ಲಿ ಒಂದೂಕಾಲು ಆಂಪಿಯರಿನ ಸಣ್ಣ ವಿಷಯ. ಅದೇ 300 ವ್ಯಾಟ್ 12 ವೋಲ್ಟಿನ ಕಡೆ 30 ಆಂಪಿಯರ್ ಆಗುತ್ತದೆ. ಸ್ಪ್ರಿಂಕ್ಲರಿನ ಮುಖ್ಯ ಪೈಪಿನ ನೀರನ್ನು ಅರ್ಧ ಇಂಚಿನ ಪೈಪಿನಲ್ಲಿ ಹಾಯಿಸಲು ಹೋದರೆ ತುದಿಯಲ್ಲಿ ಒತ್ತಡವೇ ಇರುವುದಿಲ್ಲ. ಇದೂ ಹಾಗೆಯೇ. ಮನೆಯ ಪ್ಲಗ್ಗಿಗೆ ಹಾಕುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 3 ಮೀಟರ್ ದೂರಕ್ಕೆ ಎಳೆದು 30 ಆಂಪಿಯರ್ ಹರಿಸಿದರೆ, ಹೋಗಿಬರುವ 6 ಮೀಟರಿನಲ್ಲಿ ಒಂದೂಕಾಲು ವೋಲ್ಟ್ ಕರಗುತ್ತದೆ. ಸುಮಾರು 38 ವ್ಯಾಟ್ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಇನ್‌ವರ್ಟರ್ ಕೂಗತೊಡಗುತ್ತದೆ, ತಂತಿಯ ಹೊದಿಕೆ ಮೆತ್ತಗಾಗುತ್ತದೆ.

ತಂತಿಯ ಉದ್ದ ಒಂದೂವರೆ ಮೀಟರಿಗೆ ಮೀರದಂತಿದ್ದರೆ ಕೆಳಗಿನ ಅಳತೆ ಅನುಕೂಲ. ಇದು ಎಳೆಎಳೆಯಾದ, ಬಾಗುವ ತಾಮ್ರದ ಕೇಬಲಿನ ಲೆಕ್ಕ. ಅಲ್ಯೂಮಿನಿಯಂ ಸರ್ವಿಸ್ ವೈರ್ ಬೇಡ.

300 ವ್ಯಾಟ್ — 10 ಚದರ ಮಿ.ಮೀ. ತಂತಿ, 40 ಆಂಪಿಯರ್ ಫ್ಯೂಸ್
600 ವ್ಯಾಟ್ — 25 ಚದರ ಮಿ.ಮೀ. ತಂತಿ, 80 ಆಂಪಿಯರ್ ಫ್ಯೂಸ್
1000 ವ್ಯಾಟ್ — 35 ಚದರ ಮಿ.ಮೀ. ತಂತಿ, 125 ಆಂಪಿಯರ್ ಫ್ಯೂಸ್

ಇನ್‌ವರ್ಟರಿನ ಜೊತೆ ಬಂದ ಪುಸ್ತಕದಲ್ಲಿ ಇದಕ್ಕಿಂತ ದಪ್ಪ ತಂತಿ ಹೇಳಿದ್ದರೆ ಅದನ್ನೇ ಅನುಸರಿಸತಕ್ಕದ್ದು. ದೂರಕ್ಕೆ ಒಯ್ಯಬೇಕಾದರೆ 230 ವೋಲ್ಟಿನ ಕಡೆಯ ತಂತಿಯನ್ನು ಉದ್ದ ಮಾಡಿ, ಬ್ಯಾಟರಿಯ ಕಡೆಯ ತಂತಿಯನ್ನಲ್ಲ.

ಫ್ಯೂಸ್ ಇರಬೇಕಾದದ್ದು ಪ್ಲಸ್ ತಂತಿಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಇನ್‌ವರ್ಟರಿನೊಳಗೇ ಫ್ಯೂಸ್ ಇದೆಯಲ್ಲ ಎಂದು ಕೇಳಬಹುದು. ಅದು ಇನ್‌ವರ್ಟರನ್ನು ಕಾಯುತ್ತದೆ. ನಡುವಿನ ತಂತಿ ಎಲ್ಲಾದರೂ ಬಾಡಿಗೆ ಉಜ್ಜಿ ಹೊದಿಕೆ ಸವೆದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಅದನ್ನು ತಡೆಯುವುದು ಬ್ಯಾಟರಿಯ ಬುಡದ ಫ್ಯೂಸ್ ಒಂದೇ. ಮನೆಯ ಎ.ಸಿ. ಎಂ.ಸಿ.ಬಿ.ಯನ್ನು ಇಲ್ಲಿ ಹಾಕಬಾರದು. ಡಿ.ಸಿ. ವಿದ್ಯುತ್ತಿನ ಕಿಡಿ ಸುಲಭವಾಗಿ ಆರುವುದಿಲ್ಲವಾದ್ದರಿಂದ ಡಿ.ಸಿ.ಗೆಂದೇ ಮಾಡಿದ ಫ್ಯೂಸ್ ಬೇಕು.

ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನ ಫ್ಯೂಸ್ ಇರುತ್ತದೆ. 100 ವ್ಯಾಟಿಗಿಂತ ಹೆಚ್ಚನ್ನು ಅದರಿಂದ ತೆಗೆಯುವುದು ಬೇಡ. ಫ್ಯೂಸ್ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕುವುದೆಂದರೆ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಯನ್ನು ಬಿತ್ತಿದಂತೆ.

ಜೋಡಿಸುವ ಕ್ರಮ

ಉಂಗುರ, ಕೈಗಡಿಯಾರ ತೆಗೆದಿಡಿ. ಕೀಲಿ ತೆಗೆದು ಇಂಜಿನ್ ನಿಲ್ಲಿಸಿರಬೇಕು. ಇನ್‌ವರ್ಟರಿನ ಸ್ವಿಚ್ ಆಫ್ ಆಗಿರಬೇಕು, ಅದಕ್ಕೆ ಏನನ್ನೂ ಚುಚ್ಚಿರಬಾರದು. ಈಗಿನ ವಾಹನಗಳಲ್ಲಿ ಮೈನಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಪ್ಲಸ್ ತುದಿ ಬಾಡಿಗೆ ಸೇರಿರುವುದುಂಟು. ಆದುದರಿಂದ ಮೊದಲು ನೋಡಿಕೊಳ್ಳಿ. ಅಂಥ ವಾಹನಕ್ಕೆ ಈ ಕೆಳಗಿನ ಕ್ರಮ ಹೊಂದುವುದಿಲ್ಲ.

ಕಾಯಂ ಜೋಡಣೆಗೆ:

1. ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಭಾರಿ ಕಿಡಿ ಹಾರುತ್ತದೆ. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ.
2. ಇನ್‌ವರ್ಟರನ್ನು ಗಾಳಿಯಾಡುವ, ಒಣಗಿದ ಜಾಗದಲ್ಲಿ ಹಲಗೆಯ ಮೇಲೆ ಬಿಗಿಯಿರಿ. ಬ್ಯಾಟರಿಯ ಮೇಲಾಗಲಿ ಇಂಜಿನ್ನಿನ ಪಕ್ಕದಲ್ಲಾಗಲಿ ಇಡಬೇಡಿ.
3. ಎರಡು ತಂತಿಗಳನ್ನೂ ಇನ್‌ವರ್ಟರಿಗೆ ಬಿಗಿಯಿರಿ, ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ತಿರುವುಮುರುವಾದರೆ ಇನ್‌ವರ್ಟರ್ ಒಂದು ಕ್ಷಣದಲ್ಲಿ ಹೋಗುತ್ತದೆ. ಕಪ್ಪು ತಂತಿಯ ಇನ್ನೊಂದು ತುದಿ ಸದ್ಯಕ್ಕೆ ಎಲ್ಲಿಗೂ ತಾಗದಂತಿರಲಿ.
4. ಕೆಂಪು ತಂತಿಯನ್ನು ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್ಸಿಗೆ ಸೇರಿಸಿ. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬಳೆ ಹಾಕಿ.
5. ವಾಹನದ ಮೈನಸ್ ತಂತಿಯನ್ನು ಮೊದಲಿನಂತೆ ಬ್ಯಾಟರಿಗೆ ಬಿಗಿಯಿರಿ.
6. ಕಟ್ಟಕಡೆಗೆ ಕಪ್ಪು ತಂತಿಯ ತುದಿಯನ್ನು ಬ್ಯಾಟರಿಯಿಂದ ದೂರದಲ್ಲಿ, ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿದ ಛಾಸಿಯ ಬೋಲ್ಟಿಗೆ ಬಿಗಿಯಿರಿ. ಇಲ್ಲಿ ಒಂದು ಸಣ್ಣ ಕಿಡಿ ಬರುವುದು ಸಹಜ. ಅದು ಬ್ಯಾಟರಿಯ ಹತ್ತಿರ ಬಾರದಿರಲೆಂದೇ ಈ ಕ್ರಮ.

ಆಗೊಮ್ಮೆ ಈಗೊಮ್ಮೆ ಕ್ಲಿಪ್ ಹಾಕಿ ಬಳಸುವವರಿಗೂ ನಿಯಮ ಇದೇ. ಮೊದಲು ಕೆಂಪು ಕ್ಲಿಪ್ಪು ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಕಪ್ಪು ಕ್ಲಿಪ್ಪು ಬ್ಯಾಟರಿಯಿಂದ ದೂರದ ಇಂಜಿನ್ ಲೋಹಕ್ಕೆ, ಕೊನೆಗೆ ಇನ್‌ವರ್ಟರಿನ ಸ್ವಿಚ್. ಬಿಚ್ಚುವಾಗ ಸರಿಯಾಗಿ ಹಿಂದುಮುಂದು: ಉಪಕರಣ, ಸ್ವಿಚ್, ಕಪ್ಪು, ಕೆಂಪು. ಕ್ಲಿಪ್ಪಿನ ತಂತಿಗೂ ಫ್ಯೂಸ್ ಬೇಕು. 300 ವ್ಯಾಟಿಗಿಂತ ಹೆಚ್ಚಿನ ಕೆಲಸಕ್ಕೆ ಕ್ಲಿಪ್ಪು ಸಾಲದು.

2020ರಲ್ಲಿ ಜಾರಿಗೆ ಬಂದ ಬಿ.ಎಸ್. 6 ನಿಯಮದ ವಾಹನಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಬಹಳ. ಕೆಲವದರಲ್ಲಿ ಮೈನಸ್ ತುದಿಯಲ್ಲೇ ಬ್ಯಾಟರಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಅಂಥ ವಾಹನಕ್ಕೆ ಕೈಹಾಕುವ ಮೊದಲು ಪುಸ್ತಕ ನೋಡಿ ಅಥವಾ ಸರ್ವಿಸ್‌ನವರನ್ನು ಕೇಳಿ.

ಅನಿಲ, ಆಮ್ಲ, ಹೊಗೆ

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲಾದರೆ ಒಂದು ಕಿಡಿಗೆ ಸಿಡಿಯಬಲ್ಲದು. ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ, ಚಿಮಣಿ ದೀಪ ಬೇಡ. ಒಳಗಿನ ನೀರು ಗಂಧಕಾಮ್ಲ. ಕಣ್ಣಿಗೆ ಹಾರಿದರೆ ಉಜ್ಜದೆ, ಕನಿಷ್ಠ 15 ನಿಮಿಷ ಧಾರಾಳವಾಗಿ ನೀರು ಹಾಯಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ನೆಲಕ್ಕೆ ಚೆಲ್ಲಿದ್ದರೆ ಅಡುಗೆ ಸೋಡಾ ಎರಚಿ ತೊಳೆಯಬಹುದು. ಸೋಡಾವನ್ನು ಕಣ್ಣಿಗೆ ಮಾತ್ರ ಹಾಕಬಾರದು.

ಬ್ಯಾಟರಿ ಇಳಿಯದಿರಲೆಂದು ಇಂಜಿನ್ ಓಡಿಸುತ್ತ ಇನ್‌ವರ್ಟರ್ ಬಳಸುವವರುಂಟು. ಮಳೆಯೆಂದು ಮುಚ್ಚಿದ ಷೆಡ್ಡಿನಲ್ಲೋ ಮನೆಗೆ ತಾಗಿದ ಕೊಟ್ಟಿಗೆಯಲ್ಲೋ ಹೀಗೆ ಎಂದೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಮಲಗಿದವರು ಏಳದೇ ಹೋಗಬಹುದು. ವಾಹನ ಬಯಲಿನಲ್ಲಿ ನಿಂತಿರಬೇಕು, ಹೊಗೆಕೊಳವೆ ಮನೆಯ ಕಡೆ ತಿರುಗಿರಬಾರದು.

ಮನೆಯ ವೈರಿಂಗಿಗೆ ಸೇರಿಸಬೇಡಿ

ಎರಡೂ ತುದಿಗೆ ಪಿನ್ನಿರುವ ತಂತಿ ಮಾಡಿ, ಒಂದನ್ನು ಇನ್‌ವರ್ಟರಿಗೂ ಇನ್ನೊಂದನ್ನು ಗೋಡೆಯ ಪ್ಲಗ್ಗಿಗೂ ಚುಚ್ಚಿದರೆ ಮನೆಯ ಬಲ್ಬೆಲ್ಲ ಉರಿಯುತ್ತವೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಆ ವಿದ್ಯುತ್ತು ಮೀಟರ್ ದಾಟಿ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯ 230 ವೋಲ್ಟ್ ತಗಲುತ್ತದೆ. ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕರೆ 11,000 ವೋಲ್ಟಿನ ಸಾಲಿಗೂ ಜೀವ ಬರಬಹುದು. ಸಣ್ಣ ಇನ್‌ವರ್ಟರ್ ಊರಿನ ಹೊರೆ ತಾಳದೆ ತಾನೇ ನಿಲ್ಲುತ್ತದೆ ಎಂದು ವಾದಿಸುವವರಿದ್ದಾರೆ. ನಿಮ್ಮ ಮನೆಯೊಂದರ ತಂತಿಯೇ ಹರಿದು ಬಿದ್ದಿದ್ದರೆ ಊರಿನ ಹೊರೆ ಎಲ್ಲಿಂದ ಬರಬೇಕು? ಆಗ ಇನ್‌ವರ್ಟರ್ ನಿಲ್ಲುವುದಿಲ್ಲ.

ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ನಿಗಮವಾಯಿತು. 2002ರಲ್ಲಿ ವಿತರಣೆ ಮೆಸ್ಕಾಂ, ಹೆಸ್ಕಾಂ ಮುಂತಾದ ಕಂಪನಿಗಳ ಪಾಲಾಯಿತು. ಆದರೂ ನಮ್ಮ ಬಾಯಲ್ಲಿ ಇನ್ನೂ ಕೆ.ಇ.ಬಿ.ಯೇ. ಹೆಸರು ಯಾವುದಾದರೂ ಸುರಿವ ಮಳೆಯಲ್ಲಿ ಕಂಬ ಹತ್ತುವವನು ನಮ್ಮ ನಿಮ್ಮಂತೆ ಮನೆಮಂದಿ ಉಳ್ಳವನೇ. ಅವನ ಜೀವ ನಮ್ಮ ಪ್ಲಗ್ಗಿನಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಮನೆಯ ವೈರಿಂಗಿಗೇ ಬೇಕೆನ್ನುವವರು ಲೈಸೆನ್ಸ್ ಉಳ್ಳ ಎಲೆಕ್ಟ್ರಿಷಿಯನ್ನಿನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿಕೊಳ್ಳಬೇಕು. ಉಳಿದವರು ಇನ್‌ವರ್ಟರಿನಿಂದ ಮೂರು ತಂತಿಯ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಬಲ್ಬುಗಳನ್ನು ಅದಕ್ಕೇ ಕೊಡಲಿ. ಹಲವು ಸಣ್ಣ ಇನ್‌ವರ್ಟರುಗಳಲ್ಲಿ ನ್ಯೂಟ್ರಲ್ ಎಂಬುದು ಬೇರೆಯಾಗಿ ಇರುವುದಿಲ್ಲ. ಎರಡು ತಂತಿಯನ್ನೂ ಫೇಸ್ ಎಂದೇ ಭಾವಿಸಿ. ಒದ್ದೆ ಅಂಗಳ, ಒದ್ದೆ ಕೈ, ಬರಿಗಾಲು ಇದ್ದಲ್ಲಿ ಬೋರ್ಡನ್ನು ಎತ್ತರದಲ್ಲಿ ಕಟ್ಟಿ.

ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಬ್ಯಾಟರಿಯೊಂದು ಇದೆ. ಜೀಪಿನದ್ದಕ್ಕೆ ಪಕ್ಕದಲ್ಲಿ ಸೇರಿಸಿದರೆ ಹೆಚ್ಚು ಹೊತ್ತು ಬರುವುದಿಲ್ಲವೆ?
ಉತ್ತರ: ಬರುವುದಿಲ್ಲ. ಹಳೆಯದು ಹೊಸದನ್ನು ಎಳೆದು ಬರಿದುಮಾಡುತ್ತದೆ. ಪಕ್ಕಪಕ್ಕದಲ್ಲಿ ಸೇರಿಸುವ ಬ್ಯಾಟರಿಗಳು ಒಂದೇ ಜಾತಿ, ಒಂದೇ ಅಳತೆ, ಒಂದೇ ವಯಸ್ಸಿನವು ಆಗಿರಬೇಕು.

ಪ್ರಶ್ನೆ: ಬೇರೆ ಟ್ಯೂಬುಲರ್ ಬ್ಯಾಟರಿಯನ್ನು ಜೀಪಿನಲ್ಲೇ ಇಟ್ಟು ಚಾರ್ಜ್ ಮಾಡಬಹುದೆ?
ಉತ್ತರ: ಮಾಡಬಹುದು. ಆದರೆ ನಡುವೆ ಐಸೊಲೇಟರ್ ರಿಲೇ ಇರಬೇಕು. ಇಂಜಿನ್ ಓಡುವಾಗ ಅದು ಎರಡನ್ನೂ ಸೇರಿಸುತ್ತದೆ, ನಿಂತಾಗ ಬೇರೆ ಮಾಡುತ್ತದೆ. ನಡುವಿನ ತಂತಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಏಕೆಂದರೆ ಎರಡೂ ಕಡೆ ಬ್ಯಾಟರಿ ಇದೆ. ಬ್ಯಾಟರಿಯನ್ನು ಅಲುಗದಂತೆ ಕಟ್ಟಿ, ಗಾಳಿಯಾಡುವ ಕಡೆ ಇಡಿ. ಕರೆಂಟು ಇದ್ದಾಗ ಮನೆಯಲ್ಲೇ ಚಾರ್ಜರಿನಿಂದ ತುಂಬಿಸುವುದು ಇದಕ್ಕಿಂತ ಸುಲಭ.

ಪ್ರಶ್ನೆ: ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿದರೆ ಏನಾಗುತ್ತದೆ?
ಉತ್ತರ: ಆಲ್ಟರ್ನೇಟರಿನ ವೋಲ್ಟೇಜ್ ಥಟ್ಟನೆ ಏರಿ ಇನ್‌ವರ್ಟರನ್ನೂ ವಾಹನದ ಎಲೆಕ್ಟ್ರಾನಿಕ್ ಭಾಗಗಳನ್ನೂ ಸುಡಬಹುದು. ಎಂದೂ ಬಿಚ್ಚಬೇಡಿ.

ಪ್ರಶ್ನೆ: ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟುತ್ತದಲ್ಲ?
ಉತ್ತರ: ಮೈನಸ್ ಮೊದಲು ಬಿಚ್ಚಿ, ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಒರೆಸಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸಡಿಲ ತುದಿ ಬಿಸಿಯಾಗಿ ಸೀಸವೇ ಕರಗುವುದುಂಟು.

ನೆನಪಿನಲ್ಲಿಡಬೇಕಾದ ಏಳು ಮಾತು

1. ವ್ಯಾಟನ್ನು 10ರಿಂದ ಭಾಗಿಸಿದರೆ ಆಂಪಿಯರ್.
2. ಬ್ಯಾಟರಿಯ ಕಡೆ ದಪ್ಪ, ಗಿಡ್ಡ ತಂತಿ.
3. ಪ್ಲಸ್ಸಿನ ಬುಡದಲ್ಲಿ, ಒಂದು ಗೇಣಿನೊಳಗೆ ಫ್ಯೂಸ್.
4. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ.
5. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಬಾರದು.
6. ಗೋಡೆಯ ಪ್ಲಗ್ಗಿಗೆ ಇನ್‌ವರ್ಟರ್ ಚುಚ್ಚಬಾರದು.
7. ವಾಹನದ ಬ್ಯಾಟರಿ 12.2 ವೋಲ್ಟಿಗೆ ಇಳಿಯುವ ಮೊದಲೇ ನಿಲ್ಲಿಸಬೇಕು.

ಈ ಏಳನ್ನು ಒಂದು ರಟ್ಟಿನ ಮೇಲೆ ಬರೆದು ಇನ್‌ವರ್ಟರಿನ ಪಕ್ಕದಲ್ಲಿ ತೂಗುಹಾಕಿ. ಮನೆಯ ಹೆಂಗಸರಿಗೂ ದುಡಿಯುವ ಆಳುಗಳಿಗೂ ಓದಿ ಹೇಳಿ. ಯಜಮಾನರು ಪೇಟೆಗೆ ಹೋದ ಸಂಜೆಯೇ ಕರೆಂಟು ಹೋಗುವುದು, ಆಗ ಸ್ವಿಚ್ ಹಾಕುವವರು ಅವರೇ.